ಆರು ಪದದ ತಂತಿ

ದುರ್ಗಿಗುಡಿ, ಶಿವಮೊಗ್ಗ
೧೬ ಸೆಪ್ಟೆಂಬರ್ ೧೯೬೨, ಭಾನುವಾರ ಬೆಳಿಗ್ಗೆ

ಎಲೋ ಷಡಕ್ಷರಿ,

'ಶ್ರೀಮಾನ್ ಷಡಕ್ಷರಪ್ಪನವರ ಸನ್ನಿಧಿಗೆ' ಎಂದು ಆರಂಭಿಸಿದ ಹಾಳೆಯನ್ನು ಈಗತಾನೆ ಹರಿದು ಹಾಕಿದೆ. ಗಣಿಯಲ್ಲಿ ನನ್ನ ಜೊತೆ ಧೂಳು ತಿಂದವನು ಬೆಂಗಳೂರಿಗೆ ಹೋಗಿ ಗಣ್ಯನಾಗಿದ್ದೀಯೆ, ಬಹುವಚನ ಕೊಡಬೇಕಾದ್ದು ನ್ಯಾಯ. ಆದರೆ ನನ್ನ ಪಂಚೆ ಉಟ್ಟು ಪರೀಕ್ಷೆಗೆ ಹೋಗುತ್ತಿದ್ದವನಿಗೆ ಬಹುವಚನ ಹಾಕಲು ಪೆನ್ನು ಒಪ್ಪಲಿಲ್ಲ. ಹಾಸ್ಟೆಲಿನಲ್ಲಿ ನಮ್ಮಿಬ್ಬರನ್ನು 'ಮಂತ್ರದ ಜೋಡಿ' ಎಂದು ಕರೆಯುತ್ತಿದ್ದರಲ್ಲ, ನೆನಪಿದೆಯೆ? ಓಂಕಾರಪ್ಪ ಒಬ್ಬ, ಷಡಕ್ಷರಪ್ಪ ಒಬ್ಬ. ಈಗ ಮಂತ್ರ ಬೆಂಗಳೂರಿಗೆ ಹೋಯಿತು, ಇಲ್ಲಿ ತಂತ್ರ ಗೊತ್ತಿಲ್ಲದವನು ಒಬ್ಬ ಉಳಿದಿದ್ದೇನೆ.

ಕಳೆದ ವಾರ ನಾನು ಆರು ಪುಟದ ಕಾಗದ ಬರೆದು, ಗಣಿಯ ಕೆಲಸ ಕಳೆದುಕೊಂಡ ಜಟ್ಟಪ್ಪನ ಪರವಾಗಿ ಒಂದು ಸರ್ಟಿಫಿಕೇಟ್ ಕೊಡು ಎಂದು ಕೇಳಿಕೊಂಡಿದ್ದೆ. ನಿನ್ನ ಉತ್ತರ ಬುಧವಾರ ಬಂತು. ಒಂದು ಕಾರ್ಡು. ಅದರಲ್ಲೂ ವಿಳಾಸದ ಕಡೆಯೇ ಬರವಣಿಗೆ ಹೆಚ್ಚು. ಆರು ಅಕ್ಷರ ಹೆಸರಿನಲ್ಲೇ ಹೊತ್ತು ಹುಟ್ಟಿದವನು ಸ್ನೇಹಿತನಿಗೆ ನಾಲ್ಕು ಸಾಲು ಅಳೆದು ಕೊಟ್ಟದ್ದನ್ನು ನೋಡಿದರೆ, ನಿನಗೆ ಹೆಸರಿಟ್ಟ ಸ್ವಾಮಿಗಳು ಎಣಿಕೆಯಲ್ಲಿ ಎಲ್ಲೋ ತಪ್ಪಿರಬೇಕು.

ಮೊದಲನೆಯ ಸಾಲು, 'ಕೆಲಸದ ಒತ್ತಡ ಬಹಳ.' ಒತ್ತಡ ಬಿದ್ದರೆ ಸುಣ್ಣಕಲ್ಲು ಅಮೃತಶಿಲೆಯಾಗುತ್ತದೆ ಎಂದು ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದೆವು. ಅಷ್ಟೆಲ್ಲ ಒತ್ತಡ ಬಿದ್ದೂ ನೀನು ಬರೀ ಸುಣ್ಣವಾಗಿಯೇ ಉಳಿದದ್ದು ನಮ್ಮ ಭೂಶಾಸ್ತ್ರಕ್ಕೆ ಹೊಸ ವಿಷಯ. ನೀನು ಓದಲಿರುವ ಪ್ರಬಂಧಕ್ಕೆ ಅದನ್ನೂ ಸೇರಿಸು.

ಎರಡನೆಯದು, 'ಆ ತಂತಿಯ ಪದಗಳೆಲ್ಲ ನಮ್ಮ ಶಾಸ್ತ್ರದವಲ್ಲ, ಅದು ನಿನಗೇ ಗೊತ್ತು, ಸರ್ಟಿಫೈ ಮಾಡಲಾರೆ.' ಎಂಥ ಸತ್ಯಸಂಧನಪ್ಪ ನೀನು. ಪದರ ಎಣಿಸುವ ನೌಕರಿಗೆ ಸೇರಿದವನಿಗೆ ಪದರಕ್ಕಿಂತ ಪದ ದೊಡ್ಡದಾಯಿತು, ಪದಕ್ಕಿಂತ ಪದವಿ ದೊಡ್ಡದಾಯಿತು.

ಮೂರನೆಯದು, 'ನಾನು ಸುಮ್ಮನಿರುವುದು ನಿನ್ನ ಒಳ್ಳೆಯದಕ್ಕೇ.' ಇದನ್ನು ಓದುವಾಗ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಹೇಡಿತನಕ್ಕೆ ಇಷ್ಟು ಮರ್ಯಾದಸ್ಥ ಕೋಟು ಹೊಲಿದ ದರ್ಜಿ ಯಾರು? ವಿಳಾಸ ಕಳಿಸು, ನಮ್ಮ ಕಾಲೇಜಿನ ಕೆಲವರಿಗೂ ಬೇಕಾಗಿದೆ.

ನಾಲ್ಕನೆಯ ಸಾಲಿನಲ್ಲಿ ಮಾತ್ರ ನಿನ್ನ ಅಕ್ಷರ ದುಂಡಗಿದೆ. 'ನಮ್ಮ ಹಳೆಯ ಫೀಲ್ಡ್ ಪುಸ್ತಕದಲ್ಲಿರುವ ಕೋಸಿನ ಕಲ್ಲಿನ ಚಿತ್ರವನ್ನು ಕೂಡಲೇ ಕಳಿಸು. ಡಿಸೆಂಬರಿನಲ್ಲಿ ಪ್ರಬಂಧ ಓದುವುದಿದೆ.' ಮನುಷ್ಯನಿಗೆ ಸರ್ಟಿಫಿಕೇಟ್ ಇಲ್ಲ, ಅವನು ತೋರಿಸಿಕೊಟ್ಟ ಕಲ್ಲಿಗೆ ಉಂಟು. ಅವನ ಕೋಸು, ನಿನ್ನ ಕೂಸು.

ಬಡ್ತಿ ಏರುತ್ತ ಹೋದ ಹಾಗೆ ಜ್ಞಾಪಕ ಇಳಿಯುತ್ತದಂತೆ. ಆದ್ದರಿಂದ ನಡೆದದ್ದನ್ನೆಲ್ಲ ಮೊದಲಿನಿಂದ ಬರೆಯುತ್ತೇನೆ, ನಮ್ಮ ಮೇಷ್ಟ್ರು ಕಲಿಸಿದ ಕ್ರಮದಲ್ಲಿ, ಕೆಳಗಿನಿಂದ ಮೇಲಕ್ಕೆ. ಹಳೆಯ ಪದರ ಕೆಳಗಿರುತ್ತದೆ, ಆದ್ದರಿಂದ ಫೀಲ್ಡ್ ಪುಸ್ತಕದ ಪುಟವನ್ನು ತಳದ ಗೆರೆಯಿಂದ ತುಂಬಿಸುತ್ತ ಬರಬೇಕು. ಬರೆದದ್ದನ್ನು ರಬ್ಬರಿನಿಂದ ಅಳಿಸಬಾರದು, ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆಯಬೇಕು ಎಂದು ಅವರು ನಮ್ಮ ಕಿವಿ ಹಿಂಡಿ ಕಲಿಸಿದ್ದರು. ಮೊನ್ನೆ ನನ್ನಾಕೆ ಜಯಶೀಲಾ ಆ ಪುಸ್ತಕ ಬಿಡಿಸಿ ನೋಡಿ, ಇದೇನು ಮಾರಾಯ್ರೆ, ಊರೆಲ್ಲ ಮೇಲಿಂದ ಬರೀತಾರೆ, ನೀವು ಸ್ನೇಹಿತರಿಬ್ಬರು ಬುಡದಿಂದ ಬರೀತೀರಲ್ಲ ಎಂದು ನಕ್ಕಳು. ಸಂಸಾರದ ಲೆಕ್ಕವನ್ನು ಮಾತ್ರ ಮೇಲಿನಿಂದಲೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ.

೧೯೬೧ರ ಫೆಬ್ರವರಿ. ನೀನು ಆಗ ಭೂವಿಜ್ಞಾನ ಇಲಾಖೆಯಲ್ಲಿ ಪ್ರೊಬೇಷನರ್, ತಲೆಗೆ ಹೊಸ ಹ್ಯಾಟು, ಸೊಂಟಕ್ಕೆ ಹೊಸ ಕಂಪಾಸು. ನಾನು ಪಾಠ ಮಾಡುವ ಕಾಲೇಜಿಗೆ ಎಂಟು ದಿನ ರಜೆ ಹಾಕಿ ನಿನ್ನ ಜೊತೆ ಬಂದ ಬಿಟ್ಟಿ ಗುಮಾಸ್ತ. ಜಾಗ, ಭದ್ರಾವತಿಯಾಚೆಯ ಕಾಗೆಗುಡ್ಡ. ಅಲ್ಲಿ ಕಂಟ್ರಾಕ್ಟರ್ ಉಜ್ಜನಪ್ಪನ ಸುಣ್ಣಕಲ್ಲಿನ ಗಣಿ. ಹೆಸರಿಗೆ ಸರಿಯಾದ ಆಸಾಮಿ, ಆಳುಗಳ ಬೆನ್ನಿನ ಬೆವರನ್ನೂ ಉಜ್ಜಿ ತೆಗೆದುಕೊಳ್ಳುವವನು. ಹಿಂದಿನ ತಿಂಗಳಷ್ಟೇ ಅವನ ಗಣಿಯ ಜನ, ಕುಡಿಯಲು ನೀರು, ತಲೆಯ ಮೇಲೊಂದು ತಗಡು ಬೇಕೆಂದು ಅರ್ಧ ದಿನ ಸುತ್ತಿಗೆ ಕೆಳಗಿಟ್ಟಿದ್ದರು. ಅಂದಿನಿಂದ ಅವನಿಗೆ ಎಲೆ ಅಲ್ಲಾಡಿದರೂ ಮುಷ್ಕರದ ಸದ್ದು. ಸರ್ಕಾರದ ಕೆಲಸ ಎಂದು ಮುಖ ಗಂಟು ಹಾಕಿಕೊಂಡು ನಮಗೊಬ್ಬ ಆಳು ಕೊಟ್ಟ. ಅವನೇ ಜಟ್ಟಪ್ಪ.

ಟೇಪಿನ ತುದಿ ಹಿಡಿಯಲು ಬಂದವನು ಮೂರನೆಯ ದಿನಕ್ಕೆ ನಮಗೇ ಮೇಷ್ಟ್ರಾದ. ನಿನ್ನ ಭೂತಗನ್ನಡಿಗೆ ಕಾಣದ್ದು ಅವನ ಚೊಂಬಿನ ನೀರಿಗೆ ಕಾಣುತ್ತಿತ್ತು. ಬಂಡೆಯ ಮುಖಕ್ಕೆ ನೀರು ಚಿಮುಕಿಸಿ, ಅಂಗೈಯಿಂದ ಒಮ್ಮೆ ಸವರಿದರೆ ಪದರಗಳೆಲ್ಲ ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಎಲ್ಲಕ್ಕೂ ಅವನದೇ ಹೆಸರು. ತಳದಲ್ಲಿ ಹಸುರು ಮೈ, ಅದರ ಮೇಲೆ ಉರುಟು ಕಲ್ಲುಗಳು ಸೇರಿದ ಗೋಲಿ ಮೈ, ಅದರ ಮೇಲೆ ಸುಣ್ಣಕ್ಕೆ ಬೇಯುವ ಬೂದಿ ಮೈ. ಪ್ರತಿ ಬಂಡೆಯ ಮುಂದೆಯೂ ಅವನ ಮೊದಲ ಪ್ರಶ್ನೆ ಒಂದೇ, ಇದರ ಬುಡ ಎಲ್ಲಿದೆ ಎಂದು. ನೀನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದದ್ದೆಲ್ಲ ಅವನ ಕನ್ನಡದ ತರ್ಜುಮೆ. ಬಿಸಿಲಿಗೆ ಬೆವೆತು ನೀನು ಅದನ್ನು ನಿನ್ನ ಸ್ವಂತ ಕೃತಿ ಎಂದೇ ನಂಬಿದೆ.

ಐದನೆಯ ದಿನ ಅವನು ನಮ್ಮನ್ನು ಗಣಿಯ ಕಸದ ಗುಡ್ಡೆಗೆ ಕರೆದುಕೊಂಡು ಹೋದ. ಸುಣ್ಣದ ಗೂಡಿಗೆ ಹಾಕಿದರೆ ಬೇಯದ ಕಲ್ಲನ್ನೆಲ್ಲ ಎಸೆಯುವ ಜಾಗ. ಅಲ್ಲಿಂದ ಒಂದು ಕಲ್ಲು ಉರುಳಿಸಿ ನೀರು ಹಾಕಿದ. ಅಡ್ಡಕ್ಕೆ ಕೊಯ್ದ ಎಲೆಕೋಸು, ಸಂಶಯವೇ ಇಲ್ಲ. ಒಂದರ ಮೇಲೊಂದು ಡುಬ್ಬದ ಗೆರೆಗಳು, ಬೆರಳಿಗೆ ಎಣಿಸಲು ಸಿಗುವಷ್ಟು ಸ್ಪಷ್ಟ. ನಿನ್ನ ಬಾಯಿ ತೆರೆದದ್ದು ಹಾಗೇ ಇತ್ತು. ಮೂಳೆಯಲ್ಲ, ಎಲೆಯಲ್ಲ, ಯಾವುದೋ ಕಾಲದ ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದ ಪಾಚಿ ಪದರದ ಮೇಲೆ ಪದರ ಕಟ್ಟುತ್ತ ಮೇಲೇರಿದ ದಿಬ್ಬ. ಪಳೆಯುಳಿಕೆ. ನಮ್ಮ ಪಠ್ಯಪುಸ್ತಕದಲ್ಲಿ ಹೊಗೆ ಮೆತ್ತಿದ ಒಂದು ಚಿತ್ರ ಇತ್ತಲ್ಲ, ಅದು ಇಲ್ಲಿ ಕಸವಾಗಿ ಬಿದ್ದಿತ್ತು. ಜಟ್ಟಪ್ಪನ ಮನೆಯಲ್ಲಿ ಇಂಥದೇ ಇನ್ನೊಂದನ್ನು ಬಚ್ಚಲಿಗೆ ಹಾಸಿದ್ದಾರೆ ಎಂದು ಅವನು ಹೇಳಿದಾಗ ನೀನು ಎದೆ ಹಿಡಿದುಕೊಂಡೆ. ಹೌದಪ್ಪ, ನೀನು ಡಿಸೆಂಬರಿನಲ್ಲಿ ಓದಲಿರುವ ಪ್ರಬಂಧದ ಮೇಲೆ ನಿಂತು ಅವನ ಹೆಂಡತಿ ಹಾಲಮ್ಮ ದಿನಾ ಪಾತ್ರೆ ಬೆಳಗುತ್ತಾಳೆ.

ಮಾರನೆಯ ದಿನ ಆ ಪದರದ ಬೆನ್ನು ಹತ್ತಿ ಹೊರಟೆವು. ಗಣಿಯಿಂದ ವಾಯವ್ಯಕ್ಕೆ, ಕಲ್ಲಿನಿಂದ ಕಲ್ಲಿಗೆ, ಭದ್ರಾ ಹೊಳೆಯ ದಂಡೆಯವರೆಗೆ. ದಂಡೆಯ ಬಂಡೆಯಲ್ಲಿ ಮತ್ತೆ ಕೋಸು. ನೀನು ಸರಸರ ಬರೆದುಕೊಳ್ಳುತ್ತಿದ್ದೆ. ಜಟ್ಟಪ್ಪ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ.

"ಇದು ಕವುಚಿ ಬಿದ್ದೈತೆ ಸ್ವಾಮಿ. ಕೋಸು ತಲೆ ಮೇಲೆ ಮಾಡ್ಕಂಡು ಬೆಳೀತೈತೆ. ಇಲ್ಲಿ ನೋಡಿ, ತಲೆ ನೆಲ ನೋಡ್ತೈತೆ."

ಅರ್ಥವಾಗಬೇಕಾಗಿತ್ತು. ಭೂಮಿ ಮಡಿಚಿದಾಗ ಅಲ್ಲಿ ಪದರಗಳೆಲ್ಲ ಬೋರಲಾಗಿವೆ, ಹಳೆಯದು ಮೇಲೆ ಬಂದು ಕೂತಿದೆ, ಯಾವುದು ಮೇಲು ಯಾವುದು ಕೆಳಗು ಎಂದು ಹೇಳಲು ಆ ಕೋಸಿನ ತಲೆಯೊಂದೇ ಸಾಕ್ಷಿ. ನೀನು ಏನು ಮಾಡಿದೆ? ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಪ್ಪ ಎಂದು ಅವನಿಗೆ ಹೇಳಿ, ಹೊಳೆದಂಡೆಯ ಪದರಗಳನ್ನು ಕಂಡ ಕ್ರಮದಲ್ಲೇ ಬರೆದುಕೊಂಡೆ. ಆ ವರದಿ ಅಚ್ಚಾಯಿತು. ಅಚ್ಚಾಗಿ ಅಚ್ಚಳಿಯದೆ ಉಳಿಯಿತು, ತಲೆಕೆಳಗಾಗಿ. ಈಗ ನಿನ್ನ ಮೇಲಿನವರು ಯಾರೋ ಚೂರು ಕಲ್ಲು ನೋಡಿ ಏನೋ ಅಂದಿರಬೇಕು, ನಿನಗೆ ನಾನು ಬಿಡಿಸಿದ ಚಿತ್ರ ಬೇಕಾಗಿದೆ. ನಿನ್ನ ಸಾಹೇಬರ ಮುಂದೆ ನಿಂತಾಗ ನಿನ್ನ ಬೆನ್ನು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅದೇ ಕಂಪಾಸಿನಿಂದ ಅಳೆಯುವ ಆಸೆ ನನಗೆ. ಎಂಬತ್ತಕ್ಕೆ ಕಡಿಮೆ ಇರಲಾರದು.

ಇರಲಿ, ತಂತಿಗೆ ಬರುತ್ತೇನೆ. ಹೊಳೆಯ ಹತ್ತಿರವೇ ಕೂತು, ದೊಡ್ಡ ಸುತ್ತಿಗೆ ಬೇಕೆಂದು ನಿನ್ನ ಆಫೀಸಿಗೆ ತಂತಿ ಕೊಡಲು ತೀರ್ಮಾನವಾಯಿತು. ಫಾರಂ ನಿನ್ನ ಚೀಲದಲ್ಲೇ ಇತ್ತು. ಕೆಳಗೆ ನಿನ್ನ ಸಹಿ, ಮೇಲೆ ಇಂಗ್ಲಿಷಿನಲ್ಲಿ ಆರೇ ಆರು ಪದ: 'ಸ್ಟ್ರೈಕ್ ಸಕ್ಸೆಸ್‌ಫುಲ್ ಜಟ್ಟಪ್ಪ ಲೀಡಿಂಗ್ ಸೆಂಡ್ ಹ್ಯಾಮರ್ಸ್.' ಅದಕ್ಕೊಂದು ಓಟ ಇತ್ತೆಂಬುದನ್ನು ಇವತ್ತೂ ಒಪ್ಪಬೇಕು. ಓರೆಯಾಗಿ ನಿಂತ ಪದರ ನೆಲದ ಮೇಲೆ ಯಾವ ದಿಕ್ಕಿಗೆ ಸಾಗುತ್ತದೆಯೋ ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಸ್ಟ್ರೈಕ್ ಎಂದು ಹೆಸರು. ಅದು ನಿನಗೆ ಗೊತ್ತು, ನನಗೆ ಗೊತ್ತು. ಆದರೆ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಅಂಬೆಗಾಲಿಡುವ ಮಗುವಿಗೂ ಸ್ಟ್ರೈಕ್ ಎಂದರೆ ಒಂದೇ ಅರ್ಥ. ಮುಷ್ಕರ ಗೆದ್ದಿದೆ, ಜಟ್ಟಪ್ಪ ಮುಂದಾಳು, ಸುತ್ತಿಗೆ ಕಳಿಸಿ.

ಆ ಕಾಗದವನ್ನು ಯಾರ ಜೇಬಿಗೆ ಇಟ್ಟೆವು? ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಓದಲಾರದ ಜಟ್ಟಪ್ಪನ ಜೇಬಿಗೆ. ಅವನು ಪೋಸ್ಟಾಫೀಸಿಗೆ ಹೋಗಬೇಕಾದರೆ ಗಣಿಯ ಗೇಟಿನಲ್ಲಿ ಹಾಜರಿ ಹಾಕಿಸಿಕೊಂಡು ಹೋಗಬೇಕು. ಗೇಟಿನಲ್ಲಿ ಪ್ರತಿ ಸಂಜೆ, ಬಂಡೆ ಸಿಡಿಸುವ ಮದ್ದಿನ ಕೇಪು ಯಾರಾದರೂ ಒಯ್ಯುತ್ತಾರೆಂದು ಎಲ್ಲರ ಜೇಬು ತಡವುವುದು ಪದ್ಧತಿ. ತಡವುವವನು ಹಾಜರಿ ಬರೆಯುವ ರೈಟರ್ ಸುಬ್ಬಪ್ಪ. ಇಂಗ್ಲಿಷಿನಲ್ಲಿ ಅವನಿಗೆ ಬರುವುದು ಎರಡೇ ಪದ, ಒಂದು ಸ್ಟ್ರೈಕ್, ಇನ್ನೊಂದು ಸಸ್ಪೆಂಡ್. ಮೊದಲನೆಯದು ಕಾಗದದಲ್ಲಿತ್ತು, ಎರಡನೆಯದನ್ನು ಉಜ್ಜನಪ್ಪ ಹೇಳಿದ. ಕೇಪು ಹುಡುಕಲು ಹೋದವರಿಗೆ ಸಿಡಿಮದ್ದೇ ಸಿಕ್ಕಿತು. ಅರ್ಧ ಗಂಟೆಯಲ್ಲಿ ಜಟ್ಟಪ್ಪ ಪೊಲೀಸರ ಬೆಂಚಿನ ಮೇಲಿದ್ದ. ಯಾರಿಗೆ ಕಳಿಸುತ್ತಿದ್ದೆ, ಸುತ್ತಿಗೆ ಯಾರ ತಲೆಗೆ ಎಂದು ಕೇಳಿದರಂತೆ. ಕೋಸು ಒಡೆಯೋದಕ್ಕೆ ಸ್ವಾಮಿ ಎಂದು ಅವನು ನ್ಯಾಯವಾದ ಉತ್ತರವನ್ನೇ ಕೊಟ್ಟ. ಆ ಉತ್ತರಕ್ಕೆ ಎರಡು ದಿನ ಜಾಸ್ತಿ ಕೂರಿಸಿಕೊಂಡರು.

ಮಾರನೆಯ ಬೆಳಿಗ್ಗೆ ಹಾಲಮ್ಮ ನಮ್ಮ ಬಿಡಾರಕ್ಕೆ ಬಂದು ನಿಂತದ್ದು ನಿನಗೆ ಮರೆತಿರಲಾರದು. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಕಾಗ್ದ ನಿಮ್ದಂತೆ, ಬಂದು ಅದರಲ್ಲಿ ಏನು ಬರೆದಿದೆ ಅಂತ ಹೇಳಿ ಎಂದಳು. ಬರ್ತೀವಿ, ನೀನು ಮುಂದೆ ಹೋಗಿರು ಎಂದೆವು. ಅವಳು ಮುಂದೆ ಹೋದಳು, ನಾವು ರೈಲ್ವೆ ಸ್ಟೇಷನ್ನಿಗೆ ಹೋದೆವು. ಪೊಲೀಸರ ಕಾಗದದಲ್ಲಿ ಹೆಸರು ಬಂದರೆ ಪ್ರೊಬೇಷನ್ ಗತಿಯೇನು ಎಂದು ನಿನ್ನ ಚಿಂತೆ. ನಿನ್ನ ಪೆಟ್ಟಿಗೆ ಎತ್ತಿಕೊಟ್ಟವನು ನಾನು, ಒಪ್ಪುತ್ತೇನೆ. ಬೆಂಗಳೂರಿನ ರೈಲು ಬರುವವರೆಗೂ ನೀನು ಒಂದು ಮಾತಾಡದೆ ಬೆಂಚಿನ ಮೇಲೆ ಕೂತಿದ್ದೆ. ಅಪರಾಧಿಗಳು ಹಾಗೆಯೇ ಕೂರುತ್ತಾರೆ ಎಂದು ಓದಿದ್ದೇನೆ.

ಮೊಕದ್ದಮೆ ಹಾಕಲು ಏನೂ ಇರಲಿಲ್ಲ, ಪೊಲೀಸರು ಬಿಟ್ಟರು. ಉಜ್ಜನಪ್ಪ ಬಿಡಲಿಲ್ಲ. ಹಾಜರಿ ಪುಸ್ತಕದಿಂದ ಹೆಸರು ಹೊಡೆದು, ಸುತ್ತಲಿನ ಗಣಿಯವರಿಗೆಲ್ಲ ಇವನೊಬ್ಬ ಚಳವಳಿಗಾರ ಎಂದು ಹೇಳಿ ಕಳಿಸಿದ. ಹದಿನಾರು ವರ್ಷ ಬಂಡೆಯ ಮೈ ಸವರಿದ ಕೈ ಈಗ ಭದ್ರಾವತಿಯ ಹೊಸಮನೆಯ ಸೋಡಾ ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಿದೆ. ಹೋದ ತಿಂಗಳು ನೋಡಲು ಹೋಗಿದ್ದೆ. ಒಂದು ಸೋಡಾ ಕೊಟ್ಟು, ಬಾಟಲಿಯ ತಳದ ದಪ್ಪ ಗಾಜು ತೋರಿಸಿ, ಇದಕ್ಕೂ ಮೂರು ಮೈ ಐತೆ ನೋಡಿ ಮೇಷ್ಟ್ರೇ ಎಂದ. ಪಳೆಯುಳಿಕೆಯಲ್ಲಿ ಕಲ್ಲು ನಿನ್ನ ಪಾಲಿಗೆ ಹೋಯಿತು, ಬರೀ ಉಳಿ ಅವನ ಪಾಲಿಗೆ ಉಳಿಯಿತು. ಅದನ್ನೂ ಹಾಲಮ್ಮ ಮೂಲೆಯಲ್ಲಿ ಕಟ್ಟಿಟ್ಟಿದ್ದಾಳೆ.

ಜುಲೈನಲ್ಲಿ ಲೇಬರ್ ಆಫೀಸಿಗೆ ಅವನ ಅರ್ಜಿಯನ್ನು ನಾನೇ ಕೂತು ಬರೆದುಕೊಟ್ಟೆ. ಈಗ ನೋಟೀಸು ಬಂದಿದೆ. ಅಕ್ಟೋಬರ್ ಒಂದನೇ ತಾರೀಖು, ಸೋಮವಾರ, ಹನ್ನೊಂದು ಗಂಟೆಗೆ, ಇಲ್ಲಿ ಶಿವಮೊಗ್ಗದಲ್ಲಿ ವಿಚಾರಣೆ. ಉಜ್ಜನಪ್ಪ ಆ ತಂತಿ ಫಾರಮನ್ನು ತಂದು ಹಾಜರುಪಡಿಸುತ್ತಾನೆ. 'ಸದರಿ ಕಾಗದದ ಅರ್ಥ ಬಲ್ಲವರು' ಬಂದು ವಿವರಿಸಬೇಕು. ವಿವರಿಸಿದರೆ ಜಟ್ಟಪ್ಪನಿಗೆ ಗಣಿಯ ಕೆಲಸ ವಾಪಸು. ಇಲ್ಲದಿದ್ದರೆ ಫೈಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಅರ್ಥ ಬಲ್ಲವನು ಯಾರು? ಸಹಿ ಹಾಕಿದವನು. ಮುದ್ರೆ ಇರುವ ಕಾಗದದ ಮೇಲೆ, ಈ ಆರೂ ಪದ ಭೂವಿಜ್ಞಾನಕ್ಕೆ ಸಂಬಂಧಪಟ್ಟವು ಎಂದು ಒಂದು ಸಾಲು ಬರೆದರೆ ನಿನ್ನ ಶಾಯಿ ಬತ್ತುತ್ತದೆಯೆ? ನಿನ್ನ ಪ್ರೊಬೇಷನ್ ಮುಗಿದು ವರ್ಷವಾಯಿತು. ಕುರ್ಚಿ ಗಟ್ಟಿಯಾಗುವವರೆಗೆ ಬಾಯಿ ಬಿಡುವುದಿಲ್ಲ ಎಂಬ ಜಾತಿಯ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ, ಅದು ನಿನಗೆ ಗೊತ್ತೇ ಇದೆ.

ಚಿತ್ರ ಕಳಿಸುವುದಿಲ್ಲ. ಸರ್ಟಿಫಿಕೇಟ್ ಈ ಕೈಗೆ ಬಂದರೆ ಕೋಸು ಆ ಕೈಗೆ. ಹಾಗೆ ಸಂತೆ ವ್ಯಾಪಾರ ಮಾಡುವುದು ಗೌರವಸ್ಥರಿಗೆ ಒಪ್ಪುವುದಿಲ್ಲ ಎಂದರೆ, ಗೌರವಸ್ಥರು ಯಾರು ಎಂದು ಮೊದಲು ತಿಳಿಸು.

ನಿನ್ನ ಕಾರ್ಡಿನ ಅಗಲದಷ್ಟೇ ಪ್ರೀತಿಯೊಂದಿಗೆ,
ಓಂಕಾರಪ್ಪ

ತಾ.ಕ.: ಸಂಜೆ ಐದು ಗಂಟೆ. ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಜಟ್ಟಪ್ಪ ಬಂದ. ನೋಟೀಸನ್ನು ಇನ್ನೊಮ್ಮೆ ಓದಿಸಿಕೊಳ್ಳಲು ಭದ್ರಾವತಿಯಿಂದ ಬಸ್ಸು ಹತ್ತಿ ಬಂದಿದ್ದ. ನಾನು ಹುಮ್ಮಸ್ಸಿನಲ್ಲಿ ಈ ಕಾಗದವನ್ನೇ ಓದಿದೆ. ನಿನ್ನನ್ನು ಬೈದ ಕಡೆಯೆಲ್ಲ ನಕ್ಕ. ಬಚ್ಚಲ ಕಲ್ಲಿನ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಂತಿಯನ್ನು ಅವನ ಜೇಬಿಗೆ ಇಟ್ಟ ಜಾಗಕ್ಕೆ ಬಂದಾಗ ನಗು ನಿಂತಿತು. ಕಾಫಿಯ ಲೋಟ ಕೆಳಗಿಟ್ಟು, ಬಂಡೆಯ ಬುಡ ಕೇಳುವ ದನಿಯಲ್ಲೇ ಕೇಳಿದ.

"ಅಲ್ಲ ಮೇಷ್ಟ್ರೇ, ಆ ಕಾಗ್ದ ನನ್ ಜೇಬಿಗೆ ಇಟ್ರಲ್ಲ, ಆವಾಗ ನೀವ್ಯಾಕೆ ನಗ್ತಿದ್ರಿ?"

ಹತ್ತೊಂಬತ್ತು ತಿಂಗಳಿಂದ ಅವನ ಹತ್ತಿರ ಈ ಪ್ರಶ್ನೆ ಇತ್ತು. ಪೊಲೀಸರಿಗೂ ಹೇಳಿರಲಿಲ್ಲ, ಹಾಲಮ್ಮನಿಗೂ ಹೇಳಿರಲಿಲ್ಲವಂತೆ.

ಷಡಕ್ಷರಿ, ನೀನು ಅವತ್ತು ಪೆನ್ಸಿಲಿನಲ್ಲಿ ಬರೆದದ್ದು, 'ಬೆಡ್ ಟ್ರೇಸ್ಡ್ ಜಟ್ಟಪ್ಪ ಗೈಡಿಂಗ್ ಸೆಂಡ್ ಹ್ಯಾಮರ್ಸ್.' ಪದರ ಸಿಕ್ಕಿತು, ಜಟ್ಟಪ್ಪ ದಾರಿ ತೋರಿಸುತ್ತಿದ್ದಾನೆ, ಸುತ್ತಿಗೆ ಕಳಿಸಿ. ಅದರಲ್ಲಿ ಸುಬ್ಬಪ್ಪ ಬಲ್ಲ ಎರಡು ಪದದಲ್ಲಿ ಒಂದೂ ಇಲ್ಲ, ಅವನು ಹಾಗೇ ಬಿಟ್ಟುಬಿಡುತ್ತಿದ್ದ. ನನ್ನ ಅಕ್ಷರ ಚೆನ್ನಾಗಿದೆ ಎಂದು ಶುದ್ಧಪ್ರತಿ ಮಾಡಲು ನೀನು ನನಗೆ ಕೊಟ್ಟೆ. ನಾನು ಮೂರು ಪದ ಬದಲಿಸಿದೆ. ಭದ್ರಾವತಿಯಲ್ಲಿ ಕೂತು ಸ್ಟ್ರೈಕ್ ಎಂಬ ಪದವನ್ನು ಸುಮ್ಮನೆ ಬಿಡುವುದು ನನ್ನ ಕೈಲಿ ಆಗಲಿಲ್ಲ. ನಿನ್ನ ಸಾಹೇಬರು ಒಂದು ಕ್ಷಣ ಬೆಚ್ಚಿ, ಆಮೇಲೆ ಶ್ಲೇಷೆ ತಿಳಿದು ನಗಲಿ ಎಂದು. ನೀನು ಓದದೆ ಸಹಿ ಹಾಕಿದೆ, ಬರೆದವನು ನಾನೆಂದು. ಜಟ್ಟಪ್ಪ ಓದಲಾರದೆ ಜೇಬಿಗೆ ಇಡಿಸಿಕೊಂಡ. ಓದಿಕೊಂಡವನು ನಾನೊಬ್ಬನೇ, ನಗುತ್ತಿದ್ದೆ.

ಸ್ಟೇಷನ್ನಿನ ಬೆಂಚಿನ ಮೇಲೆ ಇದನ್ನು ನಿನಗೆ ಹೇಳಿದ್ದೆ. ನೀನು ಮಾತಾಡದೆ ಕೂತದ್ದು ಅದಕ್ಕೆ. ರೈಲು ಹತ್ತುವಾಗ ನೀನೇ ನನಗೆ, ಇದು ನಮ್ಮಿಬ್ಬರಲ್ಲೇ ಇರಲಿ, ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ ಎಂದೆ. ನನ್ನ ನೌಕರಿ ಖಾಯಂ ಆದದ್ದು ಈ ವರ್ಷ ಜೂನಿನಲ್ಲಿ. ಜಟ್ಟಪ್ಪನ ಅರ್ಜಿ ಬರೆದದ್ದು ಜುಲೈನಲ್ಲಿ. ಎರಡು ಪದರದ ನಡುವಿನ ಅಂತರ ಅಳೆಯುವುದು ನಿನ್ನ ಕಸುಬು, ಅಳೆದುಕೋ. ಆರೂ ಪದ ಶಾಸ್ತ್ರದವು ಎಂದು ನಿನ್ನಿಂದ ಸುಳ್ಳು ಬರೆಸಿ, ಆ ಸುಳ್ಳಿನ ಹಿಂದೆ ನಾನು ನಿಲ್ಲುವುದಿತ್ತು.

ಜಟ್ಟಪ್ಪನಿಗೆ ಎಲ್ಲ ಹೇಳಿದೆ. ಮೂರೂ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಹಂಗಾದ್ರೆ ಇದೂ ಕವುಚಿ ಬಿದ್ದಿತ್ತು ಅನ್ನಿ ಎಂದ. ಎದ್ದು ನಿಂತ ಮೇಲೆ ಇನ್ನೊಂದೇ ಮಾತು.

"ವಿಚಾರಣೆ ದಿನ ಅಲ್ಲೂ ಹಿಂಗೇ ಹೇಳ್ತೀರಾ?"

ಹೇಳ್ತೀನಿ ಎಂದೆ. ತಲೆ ಆಡಿಸಿದನೇ ಹೊರತು ಹೋಗಿಬರ್ತೀನಿ ಎನ್ನಲಿಲ್ಲ. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇದೆ.

ಮೇಲಿನ ಹಾಳೆಗಳನ್ನೆಲ್ಲ ಹರಿದು ಹೊಸದಾಗಿ ಬರೆಯೋಣ ಎಂದುಕೊಂಡೆ. ಆದರೆ ಬರೆದದ್ದನ್ನು ಅಳಿಸಬಾರದು ಎಂದು ಕಲಿತವರು ನಾವು. ಹಳೆಯದು ತಳದಲ್ಲೇ ಇರುತ್ತದೆ, ಇಲ್ಲೂ ತಳದಲ್ಲೇ ಬಂದಿದೆ. ಬೈಗುಳದಲ್ಲಿ ನಿನ್ನ ಪಾಲು ನೀನು ಇಟ್ಟುಕೋ. ಹಾಲಮ್ಮನನ್ನು ಮುಂದೆ ಕಳಿಸಿ ಓಡಿದವರು ನಾವಿಬ್ಬರೂ.

ಕೋಸಿನ ಚಿತ್ರ ಇದರ ಜೊತೆಗಿದೆ. ಹೊಳೆದಂಡೆಯದು ತಲೆ ಕೆಳಗು, ಹಾಗೆಯೇ ಅಚ್ಚು ಹಾಕಿಸು, ಕೆಳಗೆ 'ಗುರುತಿಸಿದವನು ಜಟ್ಟಪ್ಪ' ಎಂದು ಬರೆಸು. ನಿನ್ನ ಪೆನ್ಸಿಲ್ ಬರಹದ ಮೇಲೆ ನಾನು ತಿದ್ದಿದ ಆ ಮೊದಲ ಫಾರಂ ಫೀಲ್ಡ್ ಪುಸ್ತಕದಲ್ಲೇ ಇದೆ, ಅದನ್ನು ಕಳಿಸುವುದಿಲ್ಲ. ಅದು ಲೇಬರ್ ಆಫೀಸರಿಗೆ. ನೀನು ಯಾವ ಸರ್ಟಿಫಿಕೇಟನ್ನೂ ಬರೆಯಬೇಡ. ಬರುವುದಾದರೆ ಬಂದು, ಆ ಮೂರು ಪದ ನಿನ್ನವಲ್ಲ ಎಂದು ಹೇಳಿ ಹೋಗು.

ಷಡಕ್ಷರಿ ಮಂತ್ರದಲ್ಲಿ ಮೊದಲು ಬರುವುದು ಓಂಕಾರ. ಆ ದಿನ ಹನ್ನೊಂದು ಗಂಟೆಗೆ ಅದು ಅಲ್ಲಿರುತ್ತದೆ. ಉಳಿದ ಐದಕ್ಷರ ಬಂದರೆ ಬರಲಿ.